ಬಂದೂಕಿಗೆ ಎಣ್ಣೆನೀರು

ಕೆರೆ ತುಂಬಿರಲಿ, ಕೇಳುವವರ ಹೊಟ್ಟೆಯೂ ತುಂಬಿರಲಿ. ಇದು ಹಸಿದವರಿಗೆ ಹೇಳುವ ಕಥೆಯಲ್ಲ. ಉಂಡು, ಎಲೆ ಅಡಿಕೆ ಹಾಕಿಕೊಂಡು, ಗೋಡೆಗೆ ಬೆನ್ನು ಕೊಟ್ಟು ಕೂತವರಿಗೆ ಹೇಳುವಂಥದ್ದು.

ಸೂಳೆಕೆರೆಯ ಏರಿಯ ಕೆಳಗೆ, ನಾಲೆಯ ನೀರಿಗೆ ಮೊದಲು ಕೈಯೊಡ್ಡುವ ಊರೊಂದರಲ್ಲಿ ಧರ್ಮಪ್ಪ ಎಂಬ ಭತ್ತದ ರೈತನಿದ್ದಾನೆ. ಅವನ ಮನೆಯ ನಡುಗೋಡೆಯಲ್ಲಿ, ದೇವರ ಪಟಗಳ ಸಾಲಿನಲ್ಲೇ, ಒಂದು ಜೋಡುನಳಿಗೆ ಬಂದೂಕು ತೂಗುತ್ತದೆ. ಅವನ ಅಪ್ಪನ ಕಾಲದ್ದು. ಬೆಳೆ ಕಾಯಲೆಂದು ಸರ್ಕಾರ ಕೊಟ್ಟ ಲೈಸೆನ್ಸು ಅದಕ್ಕಿದೆ. ಆದರೆ ಆ ಬಂದೂಕು ಇವತ್ತಿನವರೆಗೆ ಒಂದು ಹಂದಿಯನ್ನಾಗಲಿ, ಒಂದು ಗುಬ್ಬಿಯನ್ನಾಗಲಿ ನೋಯಿಸಿದ್ದಿಲ್ಲ. ವರ್ಷಕ್ಕೆ ಅದಕ್ಕಿರುವುದು ಒಂದೇ ಕೆಲಸ. ವಿಜಯದಶಮಿಯ ಸಂಜೆ ಠಾಣೆಯ ಅಪ್ಪಣೆ ಪಡೆದು, ಗುಂಡಿಲ್ಲದ ಬರೀ ಮದ್ದಿನ ತೋಟಾ ತುಂಬಿ, ಊರಬಾಗಿಲಲ್ಲಿ ಆಕಾಶಕ್ಕೆ ಒಂದು ಸದ್ದು ಮಾಡುವುದು. ಆ ಸದ್ದಾದ ಮೇಲೆಯೇ ಊರಮ್ಮನ ಪಲ್ಲಕ್ಕಿ ಬನ್ನಿ ಮರದ ಕಡೆ ಹೆಜ್ಜೆ ಇಡಬೇಕು. ಆಮೇಲೆಯೇ ಜನ ಬನ್ನಿ ಎಲೆ ಕಿತ್ತು ಒಬ್ಬರ ಕೈಗೊಬ್ಬರು ಕೊಡಬೇಕು. ಈ ಮೊದಲ ಸದ್ದಿನ ಹಕ್ಕು ಧರ್ಮಪ್ಪನ ಮನೆಯದು. ಹೊಲ ಗದ್ದೆಗಿಂತ ಹೆಚ್ಚಾಗಿ ಅವನು ಪ್ರೀತಿಸುವ ಆಸ್ತಿ ಅದು.

ಅಪ್ಪ ಕಣ್ಣು ಮುಚ್ಚುವಾಗ ಎರಡು ಮಾತು ಹೇಳಿ ಹೋಗಿದ್ದರು. "ಪೂಜೆ ನಿಲ್ಲಿಸಬ್ಯಾಡ. ಬಂದೂಕು ಬಿಚ್ಚಬ್ಯಾಡ." ಮೊದಲನೆಯದು ಭಕ್ತಿಯ ಮಾತು. ಎರಡನೆಯದು ಅನುಭವದ ಮಾತು. ಅವರು ಒಮ್ಮೆ ಗೋಡೆ ಗಡಿಯಾರ ಬಿಚ್ಚಿ, ಮತ್ತೆ ಜೋಡಿಸಿದಾಗ ಎರಡು ಚಕ್ರ ಮಿಕ್ಕಿದ್ದವು. ಗಡಿಯಾರ ಮಾತ್ರ ನಿಲ್ಲಲಿಲ್ಲ, ಹಿಂದಕ್ಕೆ ಓಡತೊಡಗಿತು. ಅಂದಿನಿಂದ ಆ ಮನೆಯಲ್ಲಿ ಸ್ಕ್ರೂಡ್ರೈವರ್ ಎಂಬ ವಸ್ತು ಇಲ್ಲ.

ಎರಡೂ ಮಾತು ಚಾಚೂ ತಪ್ಪದೆ ನಡೆದುಕೊಂಡು ಬಂದಿದ್ದವು. ಆಯುಧ ಪೂಜೆಯ ದಿನ ಧರ್ಮಪ್ಪನ ಹೆಂಡತಿ ಅಂತರಘಟ್ಟಮ್ಮ ನೇಗಿಲು, ಕುಡುಗೋಲುಗಳಿಗೆ ಬರೀ ಕುಂಕುಮವಿಟ್ಟು, ಬಂದೂಕಿಗೆ ಮಾತ್ರ ಹಾಲು, ಮೊಸರು, ತುಪ್ಪ, ಜೇನು, ಸಕ್ಕರೆಯ ಅಭಿಷೇಕ ಮಾಡುತ್ತಿದ್ದಳು. ಬಾಳೆಹಣ್ಣು ಕಿವುಚಿ, ದ್ರಾಕ್ಷಿ ಗೋಡಂಬಿ ಉದುರಿಸಿ, ವಿಭೂತಿ, ಕುಂಕುಮ ಹಚ್ಚಿ, ಆರತಿ ಎತ್ತುತ್ತಿದ್ದಳು. ಅವಳಿಗಿಂತ ಮುಂಚೆ ಅವಳ ಅತ್ತೆ ಅದನ್ನೇ ಮಾಡಿದ್ದರು.

ಹೋದ ವರ್ಷ ಬಂದೂಕು ಕೈಕೊಟ್ಟಿತು.

ಧರ್ಮಪ್ಪ ಊರಬಾಗಿಲಲ್ಲಿ ನಿಂತು, ತೋಟಾದ ಹಿಂಬದಿಗೆ ಬಡಿಯುವ ಕೊಕ್ಕಿನಂಥ ತುಂಡನ್ನು, ಅಂದರೆ ಕುದುರೆಯನ್ನು, ಹಿಂದಕ್ಕೆ ಎಳೆದು ಟ್ರಿಗರ್ ಒತ್ತಿದ. ಕುದುರೆ ಮುದುಕ ಮೆಟ್ಟಿಲಿಳಿದ ಹಾಗೆ ನಿಧಾನವಾಗಿ ಇಳಿದು, ಮುಟ್ಟಿತೋ ಇಲ್ಲವೋ ಎಂಬಂತೆ ಮುಟ್ಟಿತು. ಎರಡನೇ ಸಲ ಅದೂ ಇಲ್ಲ. ಪಲ್ಲಕ್ಕಿ ಹೊತ್ತವರು ಹೆಗಲು ಬದಲಿಸಿದರು. ಡೊಳ್ಳಿನವರು ಕೆಮ್ಮಿದರು. ಆಗ ಎದುರುಮನೆಯ ರೇವಣ್ಣ ಜೇಬಿನಿಂದ ಒಂದು ಗರ್ನಾಲು ಪಟಾಕಿ ತೆಗೆದು, ಊದುಬತ್ತಿಯಿಂದ ಹೊತ್ತಿಸಿ, ಢಂ ಎನ್ನಿಸಿಬಿಟ್ಟ. ಪಲ್ಲಕ್ಕಿ ಹೊರಟಿತು. ಇಂಥದೊಂದು ದಿನ ಬಂದೇ ಬರುತ್ತದೆಂದು ರೇವಣ್ಣ ಪ್ರತಿ ದಶಮಿಗೂ ಜೇಬಿನಲ್ಲಿ ಗರ್ನಾಲು ಇಟ್ಟುಕೊಂಡೇ ಬರುತ್ತಿದ್ದನಂತೆ. ಅವನ ತಾಳ್ಮೆಯನ್ನು ಮೆಚ್ಚಲೇಬೇಕು.

ಹಿರಿಯರು ಕೂತು ತೀರ್ಮಾನ ಮಾಡಿದರು. "ಧರ್ಮಪ್ಪ, ಮುಂದಿನ ವರ್ಷ ನಿನ್ನ ಬಂದೂಕು ಸದ್ದು ಮಾಡಿದ್ರೆ ಹಕ್ಕು ನಿಂದು. ಮಾಡ್ಲಿಲ್ಲ ಅಂದ್ರೆ ರೇವಣ್ಣಂದು. ಅಮ್ಮನ್ನ ಕಾಯಿಸಾಕೆ ಆಗಲ್ಲ."

ಈ ವರ್ಷ ಮಹಾಲಯ ಅಮಾವಾಸ್ಯೆ ಹತ್ತಿರ ಬಂದಾಗ ಧರ್ಮಪ್ಪನಿಗೆ ಅನ್ನ ಸೇರದಾಯಿತು. ಚಿಕ್ಕಂದಿನ ಗೆಳೆಯ ಫಕೀರಸಾಬನನ್ನು ಕರೆಸಿದ. ಫಕೀರಸಾಬ ಸುತ್ತಲಿನ ಊರುಗಳ ಪಂಪ್‌ಸೆಟ್ಟು ರಿಪೇರಿ ಮಾಡುವವನು.

"ಬಿಚ್ಚಿ ನೋಡಾಣ ತಗಾ" ಎಂದ ಫಕೀರಸಾಬ.

"ಬಿಚ್ಚಂಗಿಲ್ಲ. ಅಪ್ಪನ ಮಾತು."

"ಬಿಚ್ಚದೆ ರಿಪೇರಿ ಮಾಡಾಕೆ ನಾನೇನು ದೇವರೇನ್ಲೇ? ಪಾರ್ಟ್ ಹೋಗಿರ್ತೈತೆ. ಹೊಸಾ ಪಾರ್ಟ್ ತರಾಣ ನಡಿ."

ಹೊಸ ಪಾರ್ಟು ತರುವುದು. ಎಷ್ಟು ಸರಳ! ಇಬ್ಬರೂ ಈ ಮಾತಿನಿಂದ ಬಹಳ ಸಮಾಧಾನಗೊಂಡರು. ಬಂದೂಕನ್ನು ಕೆಂಪು ಬಟ್ಟೆಯಲ್ಲಿ ಸುತ್ತಿ, ಲೈಸೆನ್ಸನ್ನು ಅಂಗಿಯ ಒಳಜೇಬಿಗೆ ಸೇರಿಸಿ, ಬಸ್ಸು ಹತ್ತಿದರು.

ಚನ್ನಗಿರಿಯಲ್ಲಿ ಬೀಗ ರಿಪೇರಿಯ ಮುದುಕನೊಬ್ಬ ಬಂದೂಕನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ಆಮೇಲೆ ಮೂಸಿ ನೋಡಿದ. "ಒಳಗೆ ಸ್ಪ್ರಿಂಗ್ ಹೋಗೈತೆ. ಬಿಚ್ಚಲೇನು?"

"ಬಿಚ್ಚಂಗಿಲ್ರೀ."

"ಹಂಗಾದ್ರೆ ಸ್ಪ್ರಿಂಗೇ ಹೋಗಿರಾದು. ಮೂರು ಸಾವಿರ ಆಗ್ತೈತೆ. ನನ್ನತ್ರ ಇಲ್ಲ. ಹೊನ್ನಾಳಿಯಾಗೆ ಜುಬೇರ್ ಅಂತ ಅದಾನೆ, ಬಂದೂಕು ರಿಪೇರಿ ಲೈಸೆನ್ಸ್ ಇರೋನು. ಅಲ್ಲಿಗೆ ಹೋಗ್ರಿ."

ಹೊನ್ನಾಳಿಯಲ್ಲಿ ಹೊಳೆ ಕಡೆಯಿಂದ ತಣ್ಣನೆ ಗಾಳಿ ಬೀಸುತ್ತಿತ್ತು. ಜುಬೇರ್ ಕನ್ನಡಕ ಏರಿಸಿ, ಬಂದೂಕನ್ನು ಉದ್ದಕ್ಕೂ ಅಡ್ಡಕ್ಕೂ ನೋಡಿ, ನಾಡಿ ಹಿಡಿದ ಹಕೀಮನಂತೆ ಕಣ್ಣು ಮುಚ್ಚಿದ.

"ಸ್ಪ್ರಿಂಗ್ ಅಂದೋರ್ಯಾರು? ಕುದುರೆ ಸವದೈತೆ. ಈ ಕಂಪನಿ ಮುಚ್ಚಿ ಜಮಾನಾ ಆಯ್ತು ಚಾಚಾ. ಹುಡುಕಿ ತರಿಸಬೇಕು. ಎಂಟು ಸಾವಿರ. ಬಿಚ್ಚಿ ಅಳತೆ ತಗೊಳ್ಲಾ?"

"ಬಿಚ್ಚಂಗಿಲ್ಲಪ್ಪ."

"ಬಿಚ್ಚಂಗಿಲ್ಲ ಅಂದ್ರೆ ಹತ್ತು."

ಧರ್ಮಪ್ಪ ಬೆಂಚಿನ ಮೇಲೆ ಕುಸಿದು ಕೂತ. "ಒಂದು ಬೆರಳುದ್ದದ ಕಬ್ಬಿಣಕ್ಕೆ ಹತ್ತು ಸಾವಿರ! ಈ ರೇಟಿಗೆ ಜೀವ ಇರೋ ಕುದುರೇನೇ ಬರ್ತೈತಲ್ಲೋ ಮಾರಾಯ."

"ಬರ್ತೈತೆ ಚಾಚಾ. ಆದ್ರೆ ಅದು ಹುಲ್ಲು ಕೇಳ್ತೈತೆ. ಇದು ಕೇಳಲ್ಲ."

ಫಕೀರಸಾಬನಿಗೆ ಈ ಮಾತು ಬಹಳ ಹಿಡಿಸಿತು. ನ್ಯಾಮತಿಯ ಬಸ್ಸು ಬರುವವರೆಗೆ ಅದನ್ನೇ ಹೇಳಿಕೊಂಡು ನಕ್ಕ. ನ್ಯಾಮತಿಗೆ ಹೋಗಲು ಹೇಳಿದವನೂ ಜುಬೇರನೇ. ಅಲ್ಲಿ ಮಾರಪ್ಪ ಎಂಬ ನಿವೃತ್ತ ಅರಣ್ಯ ರಕ್ಷಕನ ಬಳಿ ಹಳೇ ಬಂದೂಕಿನ ಚೂರುಗಳು ಇರಬಹುದು ಎಂದಿದ್ದ.

ಆ ಬಸ್ಸಿನಲ್ಲಿ ಸೂರಗೊಂಡನಕೊಪ್ಪಕ್ಕೆ ಸೇವಾಲಾಲರ ದರ್ಶನಕ್ಕೆ ಹೊರಟ ಭಕ್ತರು ತುಂಬಿದ್ದರು. ಕೆಂಪು ಬಟ್ಟೆ, ಅದರೊಳಗಿಂದ ಬರುವ ವಿಭೂತಿ, ತುಪ್ಪ, ಊದುಬತ್ತಿಯ ಪರಿಮಳ. ಅದನ್ನು ಮಗುವಿನಂತೆ ಎದೆಗೆ ಅವಚಿಕೊಂಡು ನಿಂತ, ಹಣೆಗೆ ವಿಭೂತಿ ಪಟ್ಟೆ ಬಳಿದ ಮುದುಕ. ಒಬ್ಬ ತಾಯಿ ಎದ್ದು ಸೀಟು ಬಿಟ್ಟುಕೊಟ್ಟಳು. ಇನ್ನೊಬ್ಬಳು ಬಟ್ಟೆಯ ಮೇಲೆ ಒಂದು ಸೇವಂತಿಗೆ ಇಟ್ಟು ಕೈ ಮುಗಿದು, "ಯಾವ ದೇವರಪ್ಪಾ?" ಎಂದು ಕೇಳಿದಳು.

ಧರ್ಮಪ್ಪ ಸುಳ್ಳು ಹೇಳುವವನಲ್ಲ. ನಿಜ ಹೇಳಿದರೆ ಬಸ್ಸು ಖಾಲಿಯಾಗುತ್ತದೆ. ಅವನು ಬಾಯಿ ತೆರೆಯುವ ಮುಂಚೆ ಫಕೀರಸಾಬ ಗಂಭೀರವಾಗಿ, "ವರ್ಷಕ್ಕೊಂದೇ ಸಲ ಮಾತಾಡೋ ದೇವರು ತಾಯಿ. ಹೋದ ವರ್ಷ ಮಾತು ನಿಂತೈತೆ. ತೋರಿಸಾಕೆ ಹೊಂಟೀವಿ" ಎಂದ. ಆ ತಾಯಿ ಮರುಗಿ, "ನಮ್ಮ ಸೇವಾಲಾಲ್ ಬಾಪುಗೆ ನಿಮ್ಮ ಪರವಾಗಿ ಬೇಡ್ಕಂತೀನಿ" ಎಂದಳು. ಆ ಬೇಡಿಕೆ ಮುಟ್ಟಬೇಕಾದಲ್ಲಿಗೆ ಮುಟ್ಟಿತೆಂದೇ ಧರ್ಮಪ್ಪ ಈಗಲೂ ನಂಬಿದ್ದಾನೆ. ನಂಬದಿರಲು ಕಾರಣವೂ ಇಲ್ಲ.

ಮಾರಪ್ಪ ಬಂದೂಕನ್ನು ಮುಟ್ಟಲೇ ಇಲ್ಲ. ಕಟ್ಟೆಯ ಮೇಲೆ ಕೂತಲ್ಲಿಂದಲೇ ನೋಡಿ, "ಪಿನ್ನು" ಎಂದ.

"ಸ್ಪ್ರಿಂಗ್ ಅಂದ್ರು, ಕುದುರೆ ಅಂದ್ರು..."

"ಪಿನ್ನು. ಹನ್ನೆರಡು ಸಾವಿರ. ವಿಲಾಯಿತಿ ಮಾಲು. ಅದಕ್ಕಿಂತ ಅಗ್ಗದಾಗೆ ಬೇಕು ಅಂದ್ರೆ ಜಗಳೂರಿಗೆ ಹೋಗಿ ಇಂಥದೇ ಇಡೀ ಬಂದೂಕು ತಗಳ್ರಿ. ಸಾವಂತ್ರಮ್ಮ ಅಂತ ಅದಾರೆ. ಅವರ ಯಜಮಾನ್ರು ತೀರ್ಕೊಂಡ ಮ್ಯಾಲೆ ಸುಮ್ನೆ ಐತೆ. ಐದು ಸಾವಿರಕ್ಕೆ ಕೊಟ್ಟಾರು."

ಧರ್ಮಪ್ಪ ತಲೆ ಕೆರೆದುಕೊಂಡ. "ಪಿನ್ನಿಗೆ ಹನ್ನೆರಡು, ಪಿನ್ನು ಇರೋ ಇಡೀ ಬಂದೂಕಿಗೆ ಐದಾ? ಅದೆಂಗ್ರೀ?"

"ಇಡೀ ಬಂದೂಕು ಯಾರಿಗೂ ಬ್ಯಾಡ, ಧರ್ಮಪ್ನೋರೇ. ಬಿಡಿಭಾಗ ಎಲ್ಲಾರಿಗೂ ಬೇಕು."

ಲೋಕದ ಒಂದು ದೊಡ್ಡ ಸತ್ಯವನ್ನು ಹೇಳಿದವನಂತೆ ಮಾರಪ್ಪ ನಶ್ಯ ಏರಿಸಿದ. ಹೊರಗೆ ಬಂದ ಮೇಲೆ ಫಕೀರಸಾಬ ಬೆರಳು ಮಡಿಚಿ ಲೆಕ್ಕ ಹಾಕಿದ. "ಸ್ಪ್ರಿಂಗು, ಕುದುರೆ, ಪಿನ್ನು. ಇನ್ನೆರಡು ಊರು ತಿರುಗಿದ್ರೆ ಮರದ ಹಿಡಿನೂ ಹೋಗೈತೆ ಅಂತಾರೆ. ಆಮ್ಯಾಲೆ ಉಳಿಯಾದು ನಿಮ್ಮವ್ವ ಹಚ್ಚಿದ ವಿಭೂತಿ ಒಂದೇ."

ಜಗಳೂರಿನ ಹಾದಿ ಉದ್ದ. ನೀರಿನ ಸೀಮೆ ಹಿಂದೆ ಸರಿದು, ಒಣ ಹೊಲಗಳಲ್ಲಿ ಮೆಕ್ಕೆಜೋಳದ ತೆನೆ ಬಿಸಿಲು ಕಾಯಿಸುತ್ತಿದ್ದವು. ಸಾವಂತ್ರಮ್ಮ ಬಾಗಿಲಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದಳು. ಒಳ್ಳೆ ಎತ್ತರದ ಹೆಂಗಸು. ಬಂದವರ ಕಥೆಯನ್ನೆಲ್ಲ ಶೇಂಗಾ ಸುಲಿಯುತ್ತಲೇ ಕೇಳಿದಳು. ಒಳಗೆ ಹೋಗಿ ಒಂದು ಬಿಸ್ಕತ್ತಿನ ಡಬ್ಬಿ ತಂದು ಮುಂದಿಟ್ಟಳು. ಅದರಲ್ಲಿ ಸ್ಪ್ರಿಂಗಿತ್ತು. ಕುದುರೆ ಇತ್ತು. ಪಿನ್ನೂ ಇತ್ತು. ಗಂಡ ಬದುಕಿದ್ದಾಗ ತನ್ನ ಬಂದೂಕಿಗೆಂದು ಜೋಪಾನ ಮಾಡಿದ್ದ ಬಿಡಿಭಾಗಗಳು.

ಧರ್ಮಪ್ಪನ ಕಣ್ಣಲ್ಲಿ ನೀರು ಬಂತು. "ಎಷ್ಟು ಕೊಡ್ಲಿ ತಾಯಿ?"

"ರೇಟು ಆಮ್ಯಾಲೆ ಮಾತಾಡಾಣ ಅಣ್ಣಾರೇ. ಮೊದ್ಲು ಯಾವುದು ಹೋಗೈತೆ ನೋಡಾಣ. ಬಿಚ್ಚಿ ಕೊಡ್ರಿ."

"ಬಿಚ್ಚಂಗಿಲ್ಲಮ್ಮ. ಅಪ್ಪನ ಮಾತು."

ಸಾವಂತ್ರಮ್ಮ ಸುಲಿಯುವುದನ್ನು ನಿಲ್ಲಿಸಿದಳು. "ಅಲ್ರೀ, ಹೊಸಾದು ಹಾಕಾಕೆ ಹಳೇದು ತೆಗೀಬೇಕಲ್ಲ? ತೆಗೆಯಾಕೆ ಬಿಚ್ಚಬೇಕಲ್ಲ?"

ಧರ್ಮಪ್ಪ ಫಕೀರಸಾಬನ ಮುಖ ನೋಡಿದ. ಫಕೀರಸಾಬ ಧರ್ಮಪ್ಪನ ಮುಖ ನೋಡಿದ. ಇಷ್ಟು ಊರು ತಿರುಗಿ, ಇಷ್ಟು ಚಹಾ ಕುಡಿದು, ಇಷ್ಟು ಚೌಕಾಸಿ ಮಾಡಿದ ಇಬ್ಬರಲ್ಲಿ ಒಬ್ಬನಿಗೂ ಈ ಮಾತು ಹೊಳೆದಿರಲಿಲ್ಲ.

"ಹೌದಲ್ಲೋ" ಎಂದ ಧರ್ಮಪ್ಪ ಮೆಲ್ಲಗೆ.

"ನಂಗೇನು ಗೊತ್ತು? ಬಂದೂಕು ನಿಂದು!" ಎಂದ ಫಕೀರಸಾಬ.

"ಪಂಪ್‌ಸೆಟ್ಟು ಬಿಚ್ಚೋನು ನೀನು!"

"ಜಗಳ ಬ್ಯಾಡ" ಎಂದಳು ಸಾವಂತ್ರಮ್ಮ. "ನಿಮ್ಮ ಅಪ್ಪಾರನ್ನೇ ಕೇಳ್ರಿ. ಹೂ ಇಟ್ಟು ಕೇಳ್ರಿ."

ಇದು ಧರ್ಮಪ್ಪನಿಗೆ ಒಪ್ಪಿಗೆಯಾಯಿತು. ಬಂದೂಕನ್ನು ಮಣೆಯ ಮೇಲೆ ಗೋಡೆಗೆ ಒರಗಿಸಿ ನಿಲ್ಲಿಸಿದರು. ಸಾವಂತ್ರಮ್ಮ ಹಿತ್ತಲಿನಿಂದ ಎರಡು ಕಣಗಿಲೆ ತಂದಳು. ಎರಡು ಕುದುರೆಗಳ ಮೇಲೆ ಒಂದೊಂದು ಹೂ. ಬಲಗಡೆಯದು ಬಿದ್ದರೆ ಬಿಚ್ಚು ಎಂದು ಅಪ್ಪಣೆ. ಎಡಗಡೆಯದು ಬಿದ್ದರೆ ಬೇಡ. ಧರ್ಮಪ್ಪ ಕೈ ಮುಗಿದು, "ಅಪ್ಪಾ, ಮನೆ ಮರ್ಯಾದೆ ಪ್ರಶ್ನೆ. ಹೆಂಗಾದ್ರೂ ಹೇಳು" ಎಂದು ಬೇಡಿ ಕೂತ.

ಹೂ ಬೀಳಲಿಲ್ಲ. ಚಹಾ ಬಂತು, ಕುಡಿದದ್ದಾಯಿತು. ಹೂ ಬೀಳಲಿಲ್ಲ. ಸುಲಿದ ಶೇಂಗಾ ಮೊರ ತುಂಬಿತು. ಹೂ ಇಟ್ಟಲ್ಲೇ ಇದ್ದವು.

"ಸ್ವಲ್ಪ ಫ್ಯಾನ್ ಹಾಕ್ರಿ" ಎಂದ ಫಕೀರಸಾಬ.

"ಫ್ಯಾನ್ ಹಾಕಿದ್ರೆ ಅದು ಫ್ಯಾನಿನ ಉತ್ತರ ಆಗ್ತೈತೆ ಕಣೋ, ಅಪ್ಪಂದಲ್ಲ" ಎಂದು ಧರ್ಮಪ್ಪ ರೇಗಿದ.

ಸಾವಂತ್ರಮ್ಮನಿಗೆ ಅನುಮಾನ ಬಂತು. ಎದ್ದು ಬಂದು ಬಂದೂಕನ್ನು ಎತ್ತಿ, ತಲೆಕೆಳಗು ಮಾಡಿದಳು. ಎರಡೂ ಹೂ ಬಾವಲಿಗಳ ಹಾಗೆ ಕುದುರೆಗೆ ಜೋತುಬಿದ್ದವು. ಬೆರಳಿನಿಂದ ಒರೆಸಿ, ಮೂಸಿ, ನಾಲಿಗೆಯ ತುದಿಗೆ ಮುಟ್ಟಿಸಿದಳು.

"ಜೇನುತುಪ್ಪ!"

"ಆ?"

"ಅಣ್ಣಾರೇ, ನಿಜ ಹೇಳ್ರಿ. ಈ ಬಂದೂಕಿಗೆ ನೀವು ಏನೇನು ತಿನ್ನಿಸ್ತೀರಿ?"

ಧರ್ಮಪ್ಪ ಹೆಮ್ಮೆಯಿಂದ ಹಾಲಿನಿಂದ ಹಿಡಿದು ಗೋಡಂಬಿಯವರೆಗೆ ಎಲ್ಲವನ್ನೂ ಹೇಳಿದ. ಸಾವಂತ್ರಮ್ಮ ಸೆರಗು ಬಾಯಿಗಿಟ್ಟುಕೊಂಡು ಭುಜ ಕುಣಿಸಿ ಕುಣಿಸಿ ನಕ್ಕಳು. ನಕ್ಕು ಮುಗಿದ ಮೇಲೆ, "ಯಾವ ಪಾರ್ಟೂ ಹೋಗಿಲ್ರೀ. ಹೂ ಅಂಟ್ಕೊಂಡಂಗೆ ಕುದುರೇನೂ ಅಂಟ್ಕೊಂಡೈತೆ. ಬಿಚ್ಚಬ್ಯಾಡ್ರಿ. ಹಂಡೆ ನೀರು ಕಾದೈತೆ. ಎಣ್ಣೆನೀರು ಹಾಕಾಣ" ಎಂದಳು.

ಬಚ್ಚಲಲ್ಲಿ ಬಂದೂಕನ್ನು ಮಣೆಯ ಮೇಲೆ ಕೂರಿಸಿ, ಬಾಣಂತಿ ಕೂಸಿಗೆ ಹಚ್ಚುವ ಹಾಗೆ ಬಿಸಿ ಎಣ್ಣೆ ತಿಕ್ಕಿದರು. ಸಂದುಗೊಂದಿಗೆಲ್ಲ ಹಳೇ ಬ್ರಷ್ಷು ಆಡಿಸಿದರು. ಸೀಗೆಪುಡಿ ಹಚ್ಚಿ ಬಿಸಿನೀರು ಹೊಯ್ದರು. ಮೊದಲು ಕೆಂಪು ನೀರು ಹರಿಯಿತು. ಅದು ಅಂತರಘಟ್ಟಮ್ಮನ ಕುಂಕುಮ. ಆಮೇಲೆ ಬೂದು ನೀರು. ಅದು ಅತ್ತೆಯ ವಿಭೂತಿ. ಒಂದು ಇರುವೆಯ ಸಂಸಾರ ಮೊಟ್ಟೆ ಸಮೇತ ಹೊರಬಂದು, ಬಚ್ಚಲ ಗೋಡೆ ಹತ್ತಿ ಬೇರೆ ಮನೆ ಹುಡುಕಲು ಹೊರಟಿತು. ಕೊನೆಗೆ ಬಲಗಡೆಯ ಕುದುರೆಯ ಬುಡದಿಂದ ಏನೋ ಕಪ್ಪಗಿನದು ಪುಳಕ್ಕನೆ ಜಿಗಿದು ಫಕೀರಸಾಬನ ಅಂಗೈಗೆ ಬಿತ್ತು.

ಒಣದ್ರಾಕ್ಷಿ.

ಫಕೀರಸಾಬ ಅದನ್ನು ಬೆಳಕಿಗೆ ಹಿಡಿದ. "ನೋಡಪಾ ಧರ್ಮ. ಹನ್ನೆರಡು ಸಾವಿರದ ವಿಲಾಯಿತಿ ಮಾಲು."

ಧರ್ಮಪ್ಪ ಕುದುರೆ ಎಳೆದು ಬಿಟ್ಟ. ಟಕ್! ಹೊಸ ಬಳೆ ಒಡೆದಂಥ ಸದ್ದು. ಇನ್ನೊಂದು ಕಡೆಯದೂ ಟಕ್! ಬಿಸಿಲಿಗೆ ಒಣಗಿಸಿ, ಹೊಲಿಗೆ ಯಂತ್ರದ ಎಣ್ಣೆಯನ್ನು ನಳಿಗೆಯ ಒಳಗೂ ಹೊರಗೂ ಸವರಿದರು.

"ಏನು ಕೊಡ್ಲಿ ತಾಯಿ?"

"ಸೀಗೆಪುಡಿಗೆ ಹತ್ತು ರೂಪಾಯಿ ಕೊಡ್ರಿ. ಸದ್ದಾದ ಮ್ಯಾಲೆ ನಂಗೊಂದು ಬನ್ನಿ ಎಲೆ ತಂದ್ಕೊಡ್ರಿ. ನಮ್ಮನೇರು ಇದ್ದಾಗ ಯಾರ್ಯಾರೋ ತಂದು ಕೊಡೋರು. ಈಗ ಯಾರೂ ಬರಲ್ಲ."

ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಆದರೆ ದಶಮಿಯ ಹಿಂದಿನ ದಿನ ನವಮಿ. ನವಮಿಯೆಂದರೆ ಆಯುಧ ಪೂಜೆ. ಧರ್ಮಪ್ಪ ಮನೆಗೆ ಬಂದಾಗ ಅಂತರಘಟ್ಟಮ್ಮ ಆಗಲೇ ಜೇನಿನ ಬಾಟಲಿ ತರಿಸಿಟ್ಟಿದ್ದಳು.

ವಿಷಯ ಕೇಳಿ ಅವಳ ಮುಖ ಕೆಂಪಗಾಯಿತು. "ಅಂದ್ರೆ ನನ್ನ ಪೂಜೆಯಿಂದ ಕೆಟ್ಟೈತೆ ಅಂತೀರಾ? ಮದುವೆ ಆಗಿ ಬಂದಾಗಿಂದ ನನ್ನ ಕೈಯಾರೆ ತುಪ್ಪ ಹಾಕೀನಿ. ನಿಮಗೂ ಹಾಕೀನಿ. ನಿಮ್ಮ ಮಂಡಿ ಹಿಡ್ಕಂಡಿರಾದೂ ನನ್ನ ತುಪ್ಪದಿಂದಾನೇನು?"

"ಹಂಗಲ್ಲ ಕಣೇ..."

"ಪೂಜೆ ನಿಲ್ಲಿಸ್ಬ್ಯಾಡ ಅಂತ ಮಾವಾರು ಹೇಳಿಲ್ವಾ?"

ಹೇಳಿದ್ದರು. ಪೂಜೆ ಮಾಡಿದರೆ ಹಕ್ಕು ಹೋಗುತ್ತದೆ, ಮಾಡದಿದ್ದರೆ ಅಪ್ಪನ ಮಾತು ಹೋಗುತ್ತದೆ. ಧರ್ಮಪ್ಪ ಕಂಬಕ್ಕೆ ಒರಗಿ ಕೂತು ಬಂದೂಕನ್ನೂ ಜೇನಿನ ಬಾಟಲಿಯನ್ನೂ ನೋಡುತ್ತಿದ್ದುದನ್ನು ಕಂಡು ಅಂತರಘಟ್ಟಮ್ಮನಿಗೇ ಕನಿಕರವಾಯಿತು. ಒಳಗೆ ಹೋಗಿ ತನ್ನ ತಲೆ ಬಾಚುವ ಕನ್ನಡಿ ತಂದಳು.

"ಮಣ್ಣಿನ ಮೂರ್ತಿಗೆ ನೀರು ತಾಗಬಾರದು ಅಂದಾಗ ಪೂಜಾರಪ್ಪಾರು ಏನ್ಮಾಡ್ತಾರೆ? ಎದುರಿಗೆ ಕನ್ನಡಿ ಇಟ್ಟು, ಅದರಾಗೆ ಕಾಣೋ ಮೂರ್ತಿಗೆ ಅಭಿಷೇಕ ಮಾಡಲ್ವಾ? ಎದ್ದೇಳ್ರಿ. ಬಂದೂಕು ಸರಿಯಾಗಿ ಹಿಡೀರಿ, ಪೂರ್ತಿ ಕಾಣಬೇಕು."

ಹಾಗೆಯೇ ಆಯಿತು. ಕನ್ನಡಿಯೊಳಗಿನ ಬಂದೂಕಿಗೆ ಹಾಲು, ತುಪ್ಪ, ಜೇನು, ಬಾಳೆಹಣ್ಣು ಎಲ್ಲ ಸಂದವು. ಹೊರಗಿನ ಬಂದೂಕು ಒಣಗಿಕೊಂಡು ನೋಡುತ್ತಿತ್ತು. ಬಿಂಬಕ್ಕೆ ಎರೆದ ತುಪ್ಪ ಮೂಲಕ್ಕೆ ಸೇರುತ್ತದೆಂಬುದರಲ್ಲಿ ಆ ಮನೆಯಲ್ಲಿ ಯಾರಿಗೂ ಸಂಶಯವಿರಲಿಲ್ಲ. ಜಿಡ್ಡು ಮಾತ್ರ ಸೇರುವುದಿಲ್ಲ, ಅದೇ ದೇವರ ದಯೆ.

ದಶಮಿಯ ಸಂಜೆ ಊರಬಾಗಿಲಲ್ಲಿ ಜನ ಸೇರಿತು. ರೇವಣ್ಣ ಬಿಳಿ ಪಂಚೆ ಉಟ್ಟು, ಬಿಳಿ ಅಂಗಿ ತೊಟ್ಟು, ಒಂದು ಕೈಯಲ್ಲಿ ಗರ್ನಾಲು, ಇನ್ನೊಂದು ಕೈಯಲ್ಲಿ ಹೊತ್ತಿದ ಊದುಬತ್ತಿ ಹಿಡಿದು ಧರ್ಮಪ್ಪನ ಪಕ್ಕದಲ್ಲೇ ನಿಂತ.

"ಧರ್ಮಣ್ಣ, ಲೇಟ್ ಮಾಡ್ಬ್ಯಾಡ. ನನ್ನ ಊದುಬತ್ತಿ ಅರ್ಧ ಆತು."

"ಇನ್ನೊಂದು ಹಚ್ಕಳಪ್ಪ" ಎಂದ ಫಕೀರಸಾಬ.

ಧರ್ಮಪ್ಪ ಖಾಲಿ ಬಂದೂಕನ್ನು ನೆಲಕ್ಕೂರಿ, ಕಣ್ಣು ಮುಚ್ಚಿ ಊರಮ್ಮನನ್ನು ನೆನೆದ. ಅಂತರಘಟ್ಟಮ್ಮ ಮುಂದೆ ಬಂದು ಬಂದೂಕಿಗೆ ಆರತಿ ಎತ್ತಿದಳು. ಎತ್ತಿ, ತಟ್ಟೆಯಲ್ಲಿದ್ದ ಅರಿಶಿನದ ಭಂಡಾರವನ್ನು ಎರಡು ಹಿಡಿ ತೆಗೆದು, ಎರಡು ನಳಿಗೆಯ ಬಾಯಿಗೂ ಭಕ್ತಿಯಿಂದ ಸುರಿದಳು. ಎಣ್ಣೆ ಸವರಿದ ನಳಿಗೆ ಅದನ್ನು ಗಟ್ಟಿಯಾಗಿ ಹಿಡಿದುಕೊಂಡಿತು. ಧರ್ಮಪ್ಪ ಕಣ್ಣು ಬಿಟ್ಟ, ತೋಟಾ ತುಂಬಿದ, ಆಕಾಶಕ್ಕೆ ಹಿಡಿದ, ಒತ್ತಿದ.

ಢಮ್ಮ್!

ಕೆರೆಯ ಮೇಲಿನ ಕೊಕ್ಕರೆಗಳೆಲ್ಲ ಒಟ್ಟಿಗೆ ಎದ್ದವು. ಧರ್ಮಪ್ಪ ಎರಡು ಹೆಜ್ಜೆ ಹಿಂದೆ ಹೋಗಿ, ಫಕೀರಸಾಬನನ್ನೂ ಕೆಡವಿ, ಅವನ ಮಡಿಲಲ್ಲಿ ಕೂತ. ಮೇಲೆ ಆಕಾಶದಲ್ಲಿ ಒಂದು ಹಳದಿ ಮೋಡ ಅರಳಿತು. ಅದು ಯೋಚಿಸುವಂತೆ ಸ್ವಲ್ಪ ಹೊತ್ತು ಅಲ್ಲೇ ನಿಂತು, ಆಮೇಲೆ ನಿಧಾನವಾಗಿ, ಶಾಂತವಾಗಿ, ನೇರ ರೇವಣ್ಣನ ಮೇಲೆ ಇಳಿಯಿತು. ರೇವಣ್ಣ ಸೀನಿದ. ಆ ಸೀನಿಗೆ ಊದುಬತ್ತಿ ಆರಿತು. ಪಲ್ಲಕ್ಕಿ ಹೊತ್ತವರೂ, ಡೊಳ್ಳಿನವರೂ, ಹಿರಿಯರೂ ಅರಿಶಿನವಾದರು. "ಅಮ್ಮನ ಭಂಡಾರ! ಆಕಾಶದಿಂದ ಬಂತು!" ಎಂದು ಮುದುಕಿಯರು ನೆಲಕ್ಕೆ ಬಿದ್ದುದನ್ನು ಕಣ್ಣಿಗೊತ್ತಿಕೊಂಡರು. ಪಲ್ಲಕ್ಕಿ ಕುಣಿಯುತ್ತ ಹೊರಟಿತು.

"ಏನೇ ಇದು?" ಎಂದ ಧರ್ಮಪ್ಪ, ಇನ್ನೂ ಕೂತಲ್ಲಿಂದಲೇ.

"ಜಿಡ್ಡು ತಾಗಬಾರದು ಅಂದ್ರಿ. ಪುಡಿ ತಾಗಬಾರದು ಅಂದ್ರಾ?"

ಬನ್ನಿ ಮರದ ಕೆಳಗೆ ರೇವಣ್ಣ ಬಂದ. ರೆಪ್ಪೆಯಿಂದ ಪಾದದವರೆಗೆ ಹಳದಿ, ಮದುವಣಿಗನ ಹಾಗೆ. ಹಿರಿಯರು ಹಕ್ಕು ಧರ್ಮಪ್ಪನದೇ ಎಂದು ಆಗಲೇ ಸಾರಿದ್ದರು. ರೇವಣ್ಣ ಬನ್ನಿ ಎಲೆಯನ್ನು ಧರ್ಮಪ್ಪನ ಕೈಗಿಟ್ಟು, ಕಾಲು ಮುಟ್ಟಿದ. ಬನ್ನಿ ಕೊಟ್ಟ ಮೇಲೆ ಆ ಊರಲ್ಲಿ ಜಗಳ ಉಳಿಸಿಕೊಳ್ಳುವಂತಿಲ್ಲ. ಧರ್ಮಪ್ಪ ಅವನನ್ನು ಎತ್ತಿ ಅಪ್ಪಿಕೊಂಡು, ತಾನೂ ಅರ್ಧ ಹಳದಿಯಾದ. ಒಂದು ಎಲೆಯನ್ನು ಜಗಳೂರಿಗೆಂದು ಲೈಸೆನ್ಸಿನ ಜೊತೆ ಒಳಜೇಬಿಗೆ ಇಟ್ಟುಕೊಂಡ.

"ಧರ್ಮಣ್ಣ" ಎಂದ ರೇವಣ್ಣ ದನಿ ತಗ್ಗಿಸಿ, "ಬಂದೂಕಿಗೆ ಏನೋ ಪಾರ್ಟ್ ಹಾಕಿಸಿದ್ಯಂತೆ. ಎಷ್ಟಾತು?"

"ಹತ್ತು ರೂಪಾಯಿ."

"ಸುಳ್ಳು ಹೇಳ್ಬ್ಯಾಡ, ಅಮ್ಮನ ಎದುರಿಗೆ."

"ಅಮ್ಮನಾಣೆ."

ರೇವಣ್ಣ ಫಕೀರಸಾಬನ ಕಡೆ ತಿರುಗಿದ. "ಸಾಬಣ್ಣ, ನಮ್ಮ ಪಂಪ್‌ಸೆಟ್ಟು ಸ್ಟಾರ್ಟ್ ಆಗವಲ್ದು. ಅದಕ್ಕೂ ನಮ್ಮವಳು ಒಳ್ಳೆ ಪೂಜೆ ಮಾಡ್ತಾಳೆ. ಒಂಚೂರು ನೋಡ್ತೀಯಾ?"

"ಅದಕ್ಕೇನಂತೆ. ನಾಳೆ ಬಂದು ಬಿಚ್ತೀನಿ."

ರೇವಣ್ಣ ತಲೆ ಕೆರೆದುಕೊಂಡ. ಅರಿಶಿನ ಉದುರಿತು. "ಬಿಚ್ಚಂಗಿಲ್ಲ ಸಾಬಣ್ಣ. ನಮ್ಮಪ್ಪಾರು ಹೇಳಿ ಹೋಗ್ಯಾರೆ."